ಅಳಿಸಿಹೋದದ್ದು ಮರಳಿ ಬಂದ ಬಗೆ: ಮಿಥ್ಯಾಗಣಕದ ಸ್ನ್ಯಾಪ್‌ಶಾಟ್‌ಗಳ ಇತಿಹಾಸ

1990ರ ದಶಕದಲ್ಲಿ ತುಮಕೂರು ತಾಲ್ಲೂಕಿನ ಹಿರೇಹಳ್ಳಿಯ ರೈತರೊಬ್ಬರಿಗೆ ತಮ್ಮ ಜಮೀನಿನ ಪಹಣಿ ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ದಪ್ಪ ವಹಿಯನ್ನು ತೆರೆದು, ನೋಡಿ, ಅವರು ಕೈಯಲ್ಲಿ ಬರೆದುಕೊಟ್ಟದ್ದೇ ದಾಖಲೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ 'ಭೂಮಿ' ಯೋಜನೆ ಬಂದು ಕರ್ನಾಟಕದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಅಂದರೆ, ಜಮೀನು ಯಾರದು ಎಂಬ ಪ್ರಶ್ನೆಗೆ ಉತ್ತರ ಈಗ ಕಾಗದದಲ್ಲಿಲ್ಲ. ಡಿಸ್ಕಿನ ಮೇಲಿನ ಕಾಂತೀಯ ಅಥವಾ ವಿದ್ಯುತ್ ಗುರುತುಗಳಲ್ಲಿದೆ. ನಿಮ್ಮ ಶಾಲೆಯ ದಾಖಲಾತಿ, ವಿದ್ಯಾರ್ಥಿಗಳ ಅಂಕಗಳು, ಬ್ಯಾಂಕಿನ ಲೆಕ್ಕ ಎಲ್ಲದರ ಸ್ಥಿತಿಯೂ ಇದೇ.

ಹಾಗಾದರೆ ಆ ಗುರುತುಗಳು ಅಳಿಸಿಹೋದರೆ? ಕಾಗದ ಸುಟ್ಟರೆ ಬೂದಿಯಾದರೂ ಉಳಿಯುತ್ತದೆ, ಗೆದ್ದಲು ಹಿಡಿದರೆ ಅರ್ಧ ಹಾಳೆಯಾದರೂ ಸಿಗುತ್ತದೆ. ಗಣಕದಲ್ಲಿ ತಪ್ಪು ಆದೇಶವೊಂದು ಒಂದೆರಡು ಸೆಕೆಂಡಿನಲ್ಲಿ ಸಾವಿರಾರು ಜನರ ಕೆಲಸವನ್ನು ಅಳಿಸಬಲ್ಲದು. ಹೀಗೆ ಕಳೆದುಹೋದ ದತ್ತಾಂಶವನ್ನು ಮರಳಿ ಪಡೆಯಲು ಇಂದು ಬಳಸುವ ಸಾಧನಗಳಲ್ಲಿ 'ಸ್ನ್ಯಾಪ್‌ಶಾಟ್' ಒಂದು. ಅದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕಾಪಾಡಿತು, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡೋಣ.

ಗಣಕದೊಳಗೊಂದು ಗಣಕ

1964ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಕೇಂಬ್ರಿಡ್ಜ್ ವೈಜ್ಞಾನಿಕ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೋಮೋ ಅವರ ತಂಡ ಒಂದು ಕೆಲಸ ಕೈಗೆತ್ತಿಕೊಂಡಿತು. ಗಣಕವೆಂದರೆ ಕೋಣೆ ತುಂಬುವಷ್ಟು ದೊಡ್ಡ, ಬಹಳ ದುಬಾರಿ ಯಂತ್ರವಾಗಿದ್ದ ಕಾಲ ಅದು. ಒಂದೇ ಯಂತ್ರವನ್ನು ಹಲವರು ಬಳಸಬೇಕು, ಆದರೆ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನ್ನಿಸಬೇಕು. ಇದಕ್ಕಾಗಿ ಅವರು ರಚಿಸಿದ ಸಿಪಿ-40 ವ್ಯವಸ್ಥೆ 1967ರ ಜನವರಿಯಲ್ಲಿ ಕೆಲಸಕ್ಕೆ ಬಂತು. ಅದರ ವಂಶದ ವಿಎಂ/370 ಅನ್ನು ಐಬಿಎಂ 1972ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಪ್ರಕಟಿಸಿತು. ತಂತ್ರಾಂಶದಿಂದಲೇ ಸೃಷ್ಟಿಯಾದ ಇಂಥ ಗಣಕಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ನಾವು ಇಲ್ಲಿ ಮಿಥ್ಯಾಗಣಕ ಎನ್ನೋಣ.

ಮೇಜಿನ ಮೇಲಿನ ಸಣ್ಣ ಗಣಕಗಳಿಗೆ ಈ ಸೌಲಭ್ಯ ಬರಲು ಮತ್ತೆ ಇಪ್ಪತ್ತೈದು ವರ್ಷಗಳೇ ಹಿಡಿದವು. ಅವುಗಳ ಸಂಸ್ಕಾರಕ ಇಂಥ ಕೆಲಸಕ್ಕೆ ಹೊಂದುವಂತೆ ರಚನೆಯಾಗಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯ ಬೆನ್ನಲ್ಲೇ 1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಸಂಗಡಿಗರು ವಿಎಂವೇರ್ ಸಂಸ್ಥೆಯನ್ನು ಕಟ್ಟಿದರು. ಅವರ ಮೊದಲ ತಂತ್ರಾಂಶ 1999ರಲ್ಲಿ ಹೊರಬಂತು. ಮುಂದೆ ಬೆಂಗಳೂರಿನಲ್ಲಿಯೂ ಆ ಸಂಸ್ಥೆಯ ದೊಡ್ಡ ಸಂಶೋಧನಾ ಕೇಂದ್ರ ಬೆಳೆಯಿತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡುಕೊಂಡಿತು.

ಇಲ್ಲಿ ನಮಗೆ ಮುಖ್ಯವಾದ ಅಂಶ ಒಂದಿದೆ. ಮಿಥ್ಯಾಗಣಕದ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಜವಾದ ಗಣಕದಲ್ಲಿರುವ ಒಂದು ದೊಡ್ಡ ಕಡತ, ಅಷ್ಟೆ. ಇಡೀ ಗಣಕವೇ ಕಡತವಾದ ಮೇಲೆ ಅದನ್ನು ನಕಲು ಮಾಡಬಹುದು, ಇನ್ನೊಂದೆಡೆಗೆ ಸಾಗಿಸಬಹುದು, ಒಂದು ಕ್ಷಣದಲ್ಲಿ ತಡೆದು ನಿಲ್ಲಿಸಬಹುದು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಹೊಸ ಗಣಕದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದನ್ನು ನೀವು ನೋಡಿರಬಹುದು. ಹಳೆಯ ವಿಂಡೋಸ್, ಹಳೆಯ ತಂತ್ರಾಂಶ, ಹಳೆಯ ಅಕ್ಷರಶೈಲಿ ಮೂರನ್ನೂ ಒಂದು ಮಿಥ್ಯಾಗಣಕದಲ್ಲಿ ಉಳಿಸಿಕೊಂಡರೆ ಅವನ್ನು ಇಂದಿಗೂ ಓದಬಹುದು.

ಟ್ರೇಸಿಂಗ್ ಹಾಳೆಯ ಉಪಾಯ

ತರಗತಿಯಲ್ಲಿ ಕರ್ನಾಟಕದ ನಕಾಶೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನದಿಗಳನ್ನು ಗುರುತಿಸುವುದನ್ನು ನೆನೆಯಿರಿ. ಪೆನ್ಸಿಲು ಆಡುವುದು ಮೇಲಿನ ಹಾಳೆಯ ಮೇಲೆ. ಕೆಳಗಿನ ನಕಾಶೆಗೆ ಒಂದು ಗೀರೂ ಬೀಳುವುದಿಲ್ಲ. ಗೀಚಿದ ಕಡೆ ಮೇಲಿನದು ಕಾಣುತ್ತದೆ, ಉಳಿದ ಕಡೆ ಕೆಳಗಿನದು ಹಾಳೆಯ ಮೂಲಕ ಕಾಣುತ್ತದೆ. ತಪ್ಪಾದರೆ ಹಾಳೆ ತೆಗೆದರಾಯಿತು, ನಕಾಶೆ ಮೊದಲಿನಂತೆಯೇ ಇರುತ್ತದೆ.

ಸ್ನ್ಯಾಪ್‌ಶಾಟ್ ಇದೇ ತತ್ತ್ವದ ಮೇಲೆ ನಿಂತಿದೆ. ಹೆಸರಿನಲ್ಲಿ ಛಾಯಾಚಿತ್ರವಿದ್ದರೂ ಆ ಕ್ಷಣದಲ್ಲಿ ಡಿಸ್ಕಿನ ಯಾವ ನಕಲೂ ಆಗುವುದಿಲ್ಲ. ಮೂಲ ಡಿಸ್ಕ್ ಕಡತವನ್ನು 'ಇನ್ನು ಬದಲಿಸುವಂತಿಲ್ಲ' ಎಂದು ನಿಲ್ಲಿಸಿ, ಅದರ ಪಕ್ಕದಲ್ಲಿ ಒಂದು ಖಾಲಿ ಕಡತವನ್ನು ತೆರೆಯಲಾಗುತ್ತದೆ. ಇದು ವ್ಯತ್ಯಾಸ ಕಡತ. ಮುಂದಿನ ಬರಹವೆಲ್ಲ ಅದರಲ್ಲಿ. ಓದುವಾಗ ಮೊದಲು ವ್ಯತ್ಯಾಸ ಕಡತವನ್ನು ನೋಡಿ, ಅಲ್ಲಿ ಇಲ್ಲದ ಖಂಡವನ್ನು ಮೂಲ ಕಡತದಿಂದ ತರಲಾಗುತ್ತದೆ. 40 ಗಿಗಾಬೈಟಿನ ಡಿಸ್ಕಿನಲ್ಲಿ ದಿನಕ್ಕೆ 2 ಗಿಗಾಬೈಟಿನಷ್ಟು ಮಾತ್ರ ಬದಲಾದರೆ ವ್ಯತ್ಯಾಸ ಕಡತ ಸುಮಾರು 2 ಗಿಗಾಬೈಟಿಗೆ ನಿಲ್ಲುತ್ತದೆ. ಸ್ನ್ಯಾಪ್‌ಶಾಟ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದು ಈ ಕಾರಣದಿಂದಲೇ.

ಲಿನಕ್ಸಿನ ಎಲ್‌ವಿಎಂ ಎಂಬ ವ್ಯವಸ್ಥೆ ಸಾಂಪ್ರದಾಯಿಕವಾಗಿ ಇದನ್ನು ತಿರುವುಮುರುವಾಗಿ ಮಾಡುತ್ತದೆ. ಮೂಲದಲ್ಲೇ ಬರೆಯುತ್ತದೆ, ಆದರೆ ಯಾವುದೇ ಖಂಡದ ಮೇಲೆ ಬರೆಯುವ ಮೊದಲು ಅಲ್ಲಿದ್ದ ಹಳೆಯದನ್ನು ಎತ್ತಿ ಬೇರೆ ಜಾಗದಲ್ಲಿಡುತ್ತದೆ. ಹಾಗೆ ಎತ್ತಿಡಲು ಮೀಸಲಿಟ್ಟ ಜಾಗ ತುಂಬಿಬಿಟ್ಟರೆ ಸ್ನ್ಯಾಪ್‌ಶಾಟ್ ಪೂರ್ತಿ ಅಮಾನ್ಯವಾಗುತ್ತದೆ.

ಕಳೆದ ಕಡತವನ್ನು ಸ್ನ್ಯಾಪ್‌ಶಾಟಿನಿಂದ ಬಳಕೆದಾರರೇ ಹುಡುಕಿಕೊಳ್ಳುವ ಅನುಕೂಲ ಮಿಥ್ಯಾಗಣಕಗಳಿಗಿಂತ ಮೊದಲು ಬಂದದ್ದು ದತ್ತಾಂಶ ಸಂಗ್ರಹಿಸುವ ಯಂತ್ರಗಳಲ್ಲಿ. ನೆಟ್‌ಆ್ಯಪ್ ಸಂಸ್ಥೆಯ ಡೇವ್ ಹಿಟ್ಜ್, ಜೇಮ್ಸ್ ಲಾವ್ ಮತ್ತು ಮೈಕೆಲ್ ಮಾಲ್ಕಮ್ 1994ರ ಜನವರಿಯಲ್ಲಿ ತಮ್ಮ ವಾಫಲ್ ಕಡತ ವ್ಯವಸ್ಥೆಯ ಬಗ್ಗೆ ಪ್ರಬಂಧ ಮಂಡಿಸಿದರು. ಅದರಲ್ಲಿ ದಿನದಲ್ಲಿ ಹಲವು ಸಲ ಸ್ನ್ಯಾಪ್‌ಶಾಟ್ ತೆಗೆದಿಡಬಹುದಿತ್ತು. ಕಡತವನ್ನು ಅಕಸ್ಮಾತ್ತಾಗಿ ಅಳಿಸಿಕೊಂಡವರು ಯಾರನ್ನೂ ಕೇಳದೆ, ವಿಶೇಷ ಕಡತಕೋಶವೊಂದನ್ನು ತೆರೆದು ಹಳೆಯ ಪ್ರತಿಯನ್ನು ತಾವೇ ತಂದುಕೊಳ್ಳಬಹುದಿತ್ತು.

ಮಿಥ್ಯಾಗಣಕಗಳಲ್ಲಿ ಇದರ ಉದ್ದೇಶ ಬೇರೆಯಾಗಿತ್ತು. ವಿಎಂವೇರಿನ ಮೊದಲ ಆವೃತ್ತಿಗಳಲ್ಲಿ 'ರದ್ದುಮಾಡಬಹುದಾದ ಡಿಸ್ಕ್' ಎಂಬ ಬಗೆ ಇತ್ತು. ಹೊಸ ತಂತ್ರಾಂಶವನ್ನು ಪರೀಕ್ಷಿಸಿ, ಕೆಲಸ ಮುಗಿದಾಗ ಬದಲಾವಣೆ ಇರಲೋ ಹೋಗಲೋ ಎಂದು ಹೇಳಿದರಾಯಿತು. 2003ರ ನಾಲ್ಕನೆಯ ಆವೃತ್ತಿಯಲ್ಲಿ ಇದು ಸ್ನ್ಯಾಪ್‌ಶಾಟ್ ಎಂಬ ಹೆಸರು ಪಡೆಯಿತು, 2005ರ ಐದನೆಯದರಲ್ಲಿ ಒಂದರ ಮೇಲೊಂದು ಹಲವು ಸ್ನ್ಯಾಪ್‌ಶಾಟ್‌ಗಳು ಸಾಧ್ಯವಾದವು. ತಂತ್ರಾಂಶ ಪರೀಕ್ಷಿಸುವವರ ಅನುಕೂಲಕ್ಕೆ ಹುಟ್ಟಿದ ಸಾಧನವಿದು. ದತ್ತಾಂಶ ರಕ್ಷಣೆಯ ಹೊಣೆಯನ್ನು ಅದರ ತಲೆಗೆ ಕಟ್ಟಿದವರು ನಂತರದ ಬಳಕೆದಾರರು. ಮುಂದಿನ ಅನೇಕ ತೊಂದರೆಗಳ ಬೇರು ಇಲ್ಲಿದೆ.

ಕೊಂಬೆಯೇ, ಕಸಿಯೇ?

ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟವೊಂದರಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಅಲ್ಲಿನ ವಿಜ್ಞಾನಿಗಳು 2010ರ ದಶಕದಲ್ಲಿ ಗುರುತಿಸಿದರು. ಅದರಿಂದ ಕಸಿ ಮಾಡಿದ ಗಿಡಗಳು 'ಸಿದ್ದು' ಎಂಬ ಹೆಸರಿನಲ್ಲಿ ಅನೇಕ ತೋಟಗಳಿಗೆ ಹೋದವು. ನಾಳೆ ತಾಯಿಮರ ಬಿರುಗಾಳಿಗೆ ಬಿದ್ದರೆ ಏನಾಗುತ್ತದೆ? ಅದರ ಕೊಂಬೆಗಳು ಎಷ್ಟೇ ಹಸಿರಾಗಿದ್ದರೂ ಮರದೊಡನೆ ಒಣಗುತ್ತವೆ. ಬೇರೆ ಬೇರಿನ ಮೇಲೆ, ಬೇರೆ ಮಣ್ಣಿನಲ್ಲಿ ನಿಂತ ಕಸಿ ಗಿಡಗಳು ಉಳಿಯುತ್ತವೆ. ಅವುಗಳಿಂದ ಅದೇ ಹಲಸನ್ನು ಮತ್ತೆ ಬೆಳೆಸಬಹುದು.

ಸ್ನ್ಯಾಪ್‌ಶಾಟ್ ಕೊಂಬೆಯಂತೆ, ಬ್ಯಾಕಪ್ ಪ್ರತಿ ಕಸಿ ಗಿಡದಂತೆ. ವ್ಯತ್ಯಾಸ ಕಡತ ಅದೇ ಡಿಸ್ಕಿನಲ್ಲಿ, ಅದೇ ಮೂಲ ಕಡತವನ್ನು ನಂಬಿಕೊಂಡಿರುತ್ತದೆ. ಮೂಲ ಹೋದರೆ ವ್ಯತ್ಯಾಸ ಕಡತದಲ್ಲಿ ಉಳಿಯುವುದು ನಕಾಶೆಯಿಲ್ಲದ ಟ್ರೇಸಿಂಗ್ ಹಾಳೆ: ನದಿಗಳಿವೆ, ನಾಡಿಲ್ಲ. ಇಡೀ ಡಿಸ್ಕನ್ನು ಬೇರೆ ಯಂತ್ರಕ್ಕೆ, ಬೇರೆ ಕಟ್ಟಡಕ್ಕೆ ನಕಲು ಮಾಡಿಟ್ಟರೆ ಮಾತ್ರ ಅದು ಬ್ಯಾಕಪ್.

ಇವೆರಡೂ ಪರಸ್ಪರ ವಿರೋಧಿಗಳಲ್ಲ. ಇಂದಿನ ಬ್ಯಾಕಪ್ ತಂತ್ರಾಂಶಗಳು ಮೊದಲು ಸ್ನ್ಯಾಪ್‌ಶಾಟ್ ತೆಗೆದು, ನಿಶ್ಚಲವಾದ ಮೂಲ ಕಡತವನ್ನು ನಿಧಾನವಾಗಿ ಬೇರೆಡೆಗೆ ನಕಲು ಮಾಡಿ, ಮುಗಿದ ಮೇಲೆ ಸ್ನ್ಯಾಪ್‌ಶಾಟನ್ನು ತೆಗೆದುಹಾಕುತ್ತವೆ. ಕಸಿ ಕೂಡುವತನಕ ಕಟ್ಟಿದ ಪಟ್ಟಿಯಂತೆ ಅದು ಕೆಲವು ಹೊತ್ತು ಮಾತ್ರ ಇರಬೇಕು. ಒಂದೇ ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಡಿ, ಸರಪಳಿಯಲ್ಲಿ ಎರಡು ಮೂರಕ್ಕಿಂತ ಹೆಚ್ಚು ಬೇಡ ಎಂದು ವಿಎಂವೇರ್ ತನ್ನ ಬಳಕೆದಾರರಿಗೆ ಸಲಹೆ ನೀಡಿತ್ತು.

ಆರು ಗಂಟೆಯ ಅದೃಷ್ಟ

ಸ್ನ್ಯಾಪ್‌ಶಾಟ್ ಒಂದು ಸಂಸ್ಥೆಯನ್ನು ಹೇಗೆ ಕಾಪಾಡಿತು ಎಂಬುದಕ್ಕೆ ವಿವರವಾಗಿ ದಾಖಲಾದ ಪ್ರಸಂಗ 2017ರ ಜನವರಿ 31ರದ್ದು. ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಸಂಗ್ರಹಿಸಿಡುವ ಗಿಟ್‌ಲ್ಯಾಬ್ ತಾಣದ ದತ್ತಸಂಚಯ ಎರಡು ಸರ್ವರುಗಳಲ್ಲಿತ್ತು. ಒಂದು ಮುಖ್ಯ, ಇನ್ನೊಂದು ಅದರ ಪಡಿಯಚ್ಚು. ಅಂದು ರಾತ್ರಿ ಪಡಿಯಚ್ಚು ಹಿಂದೆ ಬಿದ್ದಿತ್ತು. ಅದನ್ನು ಮೊದಲಿನಿಂದ ತುಂಬಲು ಅದರ ಕಡತಕೋಶವನ್ನು ಖಾಲಿ ಮಾಡಬೇಕಿತ್ತು. ದಣಿದಿದ್ದ ತಂತ್ರಜ್ಞರೊಬ್ಬರು ಅಳಿಸುವ ಆದೇಶ ಕೊಟ್ಟದ್ದು ಮುಖ್ಯ ಸರ್ವರಿನ ಮೇಲೆ. ಒಂದೆರಡು ಸೆಕೆಂಡಿನಲ್ಲಿ ತಿಳಿದು ತಡೆದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಗಿಗಾಬೈಟ್.

ಬ್ಯಾಕಪ್‌ಗಳನ್ನು ಹುಡುಕಿದಾಗ ಒಂದೊಂದಾಗಿ ಕೈಕೊಟ್ಟವು. ನಿತ್ಯ ಪ್ರತಿ ತೆಗೆಯುತ್ತಿದ್ದ ತಂತ್ರಾಂಶದ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದೆ, ಆ ಪ್ರತಿಗಳನ್ನು ಇಡಬೇಕಾದ ಜಾಗ ಖಾಲಿಯಾಗಿತ್ತು. 'ಬ್ಯಾಕಪ್ ವಿಫಲ' ಎಂದು ತಿಳಿಸಬೇಕಾದ ಇ-ಮೇಲ್‌ಗಳು ಸಹಿಯ ದೋಷದಿಂದ ತಿರಸ್ಕೃತವಾಗಿದ್ದವು. ಸರ್ವರುಗಳು ಅಜೂರ್ ಮೋಡಗಣಕದಲ್ಲಿದ್ದರೂ ಅಲ್ಲಿನ ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ದತ್ತಸಂಚಯದ ಸರ್ವರುಗಳಿಗೆ ಹಾಕಿರಲಿಲ್ಲ.

ಕೊನೆಗೆ ಉಳಿದದ್ದು ಎಲ್‌ವಿಎಂ ಸ್ನ್ಯಾಪ್‌ಶಾಟ್ ಒಂದೇ. ಪರೀಕ್ಷಾ ಸರ್ವರಿಗೆ ದತ್ತಾಂಶ ತುಂಬಲು ಅದನ್ನು ದಿನಕ್ಕೊಮ್ಮೆ ತೆಗೆಯುತ್ತಿದ್ದರು. ಅಂದು ಬೇರೊಂದು ಪ್ರಯೋಗಕ್ಕಾಗಿ, ಅಪಘಾತಕ್ಕೆ ಸುಮಾರು ಆರು ಗಂಟೆ ಮೊದಲು, ಕೈಯಾರೆ ಇನ್ನೊಂದನ್ನು ತೆಗೆದಿದ್ದರು. ಪರೀಕ್ಷಾ ಸರ್ವರಿನ ಡಿಸ್ಕು ನಿಧಾನವಾದ್ದರಿಂದ ಆ ದತ್ತಾಂಶವನ್ನು ಮರಳಿ ತರಲು ಗಂಟೆಗಟ್ಟಲೆ ಹಿಡಿಯಿತು. ಮರುದಿನ ಸಂಜೆ, ಜಾಗತಿಕ ಕಾಲಮಾನದ ಸುಮಾರು ಆರು ಗಂಟೆಗೆ, ತಾಣ ಮತ್ತೆ ತೆರೆಯಿತು. ನಡುವಿನ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು ಮತ್ತು 700 ಹೊಸ ಖಾತೆಗಳ ದಾಖಲೆ ಹೋಯಿತು. ಬೇರೆ ಜಾಗದಲ್ಲಿದ್ದ ತಂತ್ರಾಂಶದ ಮೂಲಬರಹಗಳಿಗೆ ಏನೂ ಆಗಲಿಲ್ಲ.

ಸಂಸ್ಥೆ ಇದನ್ನು ಮುಚ್ಚಿಡದೆ ಇಡೀ ಪ್ರಕರಣದ ವಿವರವನ್ನು ಪ್ರಕಟಿಸಿದ್ದರಿಂದ ನಮಗೆ ಇಷ್ಟು ತಿಳಿದಿದೆ. ಇದರಲ್ಲಿ ಗಮನಿಸಬೇಕಾದದ್ದು ಒಂದು: ಕಾಪಾಡಲೆಂದು ಕಟ್ಟಿದ ವ್ಯವಸ್ಥೆಗಳು ಕಾಪಾಡಲಿಲ್ಲ. ಬೇರೆ ಕೆಲಸಕ್ಕೆ ತೆಗೆದ ಸ್ನ್ಯಾಪ್‌ಶಾಟ್ ಕಾಪಾಡಿತು. ನಿತ್ಯದಂತೆ ಇಪ್ಪತ್ನಾಲ್ಕು ಗಂಟೆಗೊಮ್ಮೆ ಮಾತ್ರ ತೆಗೆದಿದ್ದರೆ ನಷ್ಟ ಇನ್ನೂ ಹೆಚ್ಚಾಗುತ್ತಿತ್ತು.

ವೈರಿ ಮೊದಲು ಕಡಿಯುವುದು ಕೊಂಬೆಯನ್ನು

ತಪ್ಪಿನಿಂದ ಅಳಿಸಿಹೋಗುವುದು ಒಂದು ಬಗೆ, ದುರುದ್ದೇಶದಿಂದ ಅಳಿಸುವುದು ಇನ್ನೊಂದು. ವಿಂಡೋಸಿನಲ್ಲಿಯೂ ಸ್ನ್ಯಾಪ್‌ಶಾಟಿನ ತಮ್ಮನಂಥ ಸೌಲಭ್ಯವಿದೆ. 'ನೆರಳು ಪ್ರತಿ' ಎನ್ನಬಹುದಾದ ಅದು 2003ರ ಸರ್ವರ್ ಆವೃತ್ತಿಯಿಂದ ಕಡತಗಳ ಹಿಂದಿನ ರೂಪವನ್ನು ಮರಳಿ ಕೊಡುತ್ತಿತ್ತು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಒತ್ತೆಹಣದ ಕುತಂತ್ರಾಂಶ, ಕಡತಗಳನ್ನು ಗೂಢಲಿಪಿಗೆ ತಿರುಗಿಸುವುದರ ಜೊತೆಗೆ ಈ ನೆರಳು ಪ್ರತಿಗಳನ್ನೂ ಅಳಿಸುತ್ತಿತ್ತು. ಅದೇ ಯಂತ್ರದಲ್ಲಿರುವ ರಕ್ಷಣೆ ಅದೇ ಯಂತ್ರವನ್ನು ಹಿಡಿದವನ ಕೈಗೂ ಸಿಗುತ್ತದೆ.

2023ರ ಫೆಬ್ರುವರಿ ಆರಂಭದಲ್ಲಿ ನೇರವಾಗಿ ಮಿಥ್ಯಾಗಣಕಗಳ ಸರ್ವರುಗಳ ಮೇಲೆಯೇ ದಾಳಿ ನಡೆಯಿತು. ಈಎಸ್‌ಎಕ್ಸ್‌ಐ-ಆರ್ಗ್ಸ್ ಎಂದು ಹೆಸರಾದ ಆ ಕುತಂತ್ರಾಂಶ, ಎರಡು ವರ್ಷ ಮೊದಲೇ ಸರಿಪಡಿಸಲಾಗಿದ್ದ ದೋಷವೊಂದರ ಮೂಲಕ ನುಗ್ಗಿತೆಂದು ಅಂದು ಗುರುತಿಸಲಾಯಿತು. ತಿದ್ದುಪಡಿ ಹಾಕಿಕೊಳ್ಳದ ಸರ್ವರುಗಳು ಅದಕ್ಕೆ ಸುಲಭದ ತುತ್ತು. ಆದರೆ ಅದರ ಕೆಲಸ ಪೂರ್ಣವಾಗಿರಲಿಲ್ಲ. ವಿಎಂವೇರಿನ ಡಿಸ್ಕು ಎರಡು ಭಾಗಗಳಲ್ಲಿರುತ್ತದೆ. ಡಿಸ್ಕಿನ ಅಳತೆ, ಬಗೆ ಮುಂತಾದುವನ್ನು ಹೇಳುವ ಕೆಲವೇ ಸಾಲುಗಳ ವಿವರಣ ಕಡತ ಒಂದು. ನಿಜವಾದ ದತ್ತಾಂಶ ತುಂಬಿದ ಭಾರಿ ಕಡತ ಇನ್ನೊಂದು. ಅನೇಕ ಕಡೆ ಚಿಕ್ಕದು ಗೂಢಲಿಪಿಯಾಗಿತ್ತು, ದೊಡ್ಡದು ಹಾಗೆಯೇ ಉಳಿದಿತ್ತು. ಟರ್ಕಿಯ ಇಬ್ಬರು ತಂತ್ರಜ್ಞರು ದೊಡ್ಡ ಕಡತದ ಅಳತೆಯಿಂದಲೇ ವಿವರಣ ಕಡತವನ್ನು ಮತ್ತೆ ಬರೆದು ಯಂತ್ರವನ್ನು ಎಬ್ಬಿಸುವ ದಾರಿ ತೋರಿದರು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅದನ್ನು ತಂತ್ರಾಂಶವಾಗಿ ಮಾಡಿ ಉಚಿತವಾಗಿ ಹಂಚಿತು. ಕೆಲವೇ ದಿನಗಳಲ್ಲಿ ದಾಳಿಕೋರರು ದೊಡ್ಡ ಕಡತವನ್ನೂ ಹೆಚ್ಚು ಕೆಡಿಸುವ ಹೊಸ ರೂಪ ತಂದರು. ಆ ದಾರಿ ಮುಚ್ಚಿತು.

ಸರಪಳಿಯನ್ನು ಜೋಡಿಸುವುದು

ಸ್ನ್ಯಾಪ್‌ಶಾಟ್ ಕೆಟ್ಟಾಗ ದತ್ತಾಂಶ ಮರಳಿ ಪಡೆಯುವ ಕೆಲಸವೂ ಬಹುಪಾಲು ಈ ವಿವರಣ ಕಡತಗಳಲ್ಲಿಯೇ ನಡೆಯುತ್ತದೆ. ಪ್ರತಿ ಡಿಸ್ಕ್ ಕಡತಕ್ಕೂ ಎಂಟು ಅಂಕಿಗಳ ಒಂದು ಗುರುತುಸಂಖ್ಯೆ ಇದೆ. ವ್ಯತ್ಯಾಸ ಕಡತ ತನ್ನ ಸಂಖ್ಯೆಯೊಂದಿಗೆ ತಾಯಿಕಡತದ ಸಂಖ್ಯೆಯನ್ನೂ ಬರೆದುಕೊಂಡಿರುತ್ತದೆ. ಯಾರಾದರೂ ವ್ಯತ್ಯಾಸ ಕಡತವನ್ನು ಬಿಟ್ಟು ಮೂಲ ಕಡತದಿಂದಲೇ ಯಂತ್ರವನ್ನು ಚಾಲೂ ಮಾಡಿದರೆ ಮೂಲದ ಸಂಖ್ಯೆ ಬದಲಾಗುತ್ತದೆ. ಆಗ ವ್ಯತ್ಯಾಸ ಕಡತ 'ಇದು ನನ್ನ ತಾಯಿಯಲ್ಲ' ಎಂದು ನಿಲ್ಲುತ್ತದೆ. ಸಂಖ್ಯೆಯನ್ನು ತಿದ್ದಿ ಸರಪಳಿ ಜೋಡಿಸಬಹುದು. ಆದರೆ ಮೂಲದಲ್ಲಿ ನಿಜವಾಗಿಯೂ ಬರಹವಾಗಿದ್ದರೆ, ಜೋಡಿಸಿದ ಡಿಸ್ಕಿನಲ್ಲಿ ಕೆಲವು ಕಡತಗಳು ಕೆಟ್ಟೇ ಇರುತ್ತವೆ.

ಆದ್ದರಿಂದ ಇಂಥ ಸಂದರ್ಭದಲ್ಲಿ ಅನುಭವಿಗಳು ಪಾಲಿಸುವ ಕ್ರಮ ಹೀಗಿದೆ:

1. ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡದೆ ಬರಹವನ್ನು ಮೊದಲು ನಿಲ್ಲಿಸುವುದು.
2. ಮೂಲ, ವ್ಯತ್ಯಾಸ, ವಿವರಣ ಕಡತಗಳೆಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡುವುದು.
3. ವಿವರಣ ಕಡತಗಳನ್ನು ಓದಿ ಯಾವುದರ ತಾಯಿ ಯಾವುದು ಎಂದು ಕಾಗದದ ಮೇಲೆ ಬರೆದುಕೊಳ್ಳುವುದು.
4. ಡಿಸ್ಕನ್ನು ಓದಲು ಮಾತ್ರ ಎಂಬಂತೆ ಇನ್ನೊಂದು ಯಂತ್ರಕ್ಕೆ ಜೋಡಿಸಿ ಬೇಕಾದ ಕಡತವನ್ನು ಹೊರತೆಗೆಯುವುದು.

ಎರಡು ಪದಗಳ ಗೊಂದಲದಿಂದಲೂ ದತ್ತಾಂಶ ಹೋಗುತ್ತದೆ. ಸ್ನ್ಯಾಪ್‌ಶಾಟನ್ನು 'ಡಿಲೀಟ್' ಮಾಡಿದರೆ ಈಗಿನ ದತ್ತಾಂಶ ಅಳಿಯುವುದಿಲ್ಲ. ವ್ಯತ್ಯಾಸ ಕಡತ ಮೂಲದೊಳಗೆ ಬೆರೆಯುತ್ತದೆ, ಹಿಂದಿನ ಸ್ಥಿತಿಗೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. 'ರಿವರ್ಟ್' ಮಾಡಿದರೆ ಸ್ನ್ಯಾಪ್‌ಶಾಟ್ ಆದಂದಿನಿಂದ ಸೇರಿದ್ದೆಲ್ಲ ಹೋಗುತ್ತದೆ. ಹೆಸರು ಕೇಳಿದರೆ ಭಯ ಹುಟ್ಟಿಸುವುದು ನಿರಪಾಯ, ಸೌಮ್ಯವಾಗಿ ಕೇಳುವುದು ಅಪಾಯ. ಕಳೆದ ಒಂದು ಕಡತಕ್ಕಾಗಿ ಇಡೀ ಯಂತ್ರವನ್ನು ಹಿಂದಕ್ಕೆ ತಿರುಗಿಸುವುದು ಒಂದು ಪುಟಕ್ಕಾಗಿ ವಹಿಯನ್ನೇ ಸುಟ್ಟಂತೆ. ಹಾಗೆಯೇ, ಜಾಗ ಉಳಿಸಲೆಂದು ವ್ಯತ್ಯಾಸ ಕಡತವನ್ನು ಕಡತಕೋಶದಿಂದ ನೇರವಾಗಿ ಅಳಿಸಿದರೆ ಅಂದಿನಿಂದ ಇಂದಿನವರೆಗಿನ ಎಲ್ಲ ಕೆಲಸವೂ ಹೋದಂತೆ.

ನಿಮ್ಮ ಪ್ರಯೋಗಾಲಯದಲ್ಲಿ

ಇದನ್ನು ವಿದ್ಯಾರ್ಥಿಗಳಿಗೆ ಮಾಡಿಯೇ ತೋರಿಸಬಹುದು. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಚಿಕ್ಕ ಲಿನಕ್ಸ್ ಯಂತ್ರವೊಂದನ್ನು ಪ್ರಯೋಗಕ್ಕೆಂದೇ ಮಾಡಿಕೊಳ್ಳಿ. ಹತ್ತು ಹೆಸರುಗಳ ಅಂಕಪಟ್ಟಿಯ ಕಡತವನ್ನು ಬರೆದು, ಯಂತ್ರವನ್ನು ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆಯಿರಿ. ಮತ್ತೆ ಚಾಲೂ ಮಾಡಿ ಇನ್ನೆರಡು ಹೆಸರು ಸೇರಿಸಿ. ಬಳಿಕ ಆ ಕಡತವನ್ನು ಅಳಿಸಿ. ಈಗ ಯಂತ್ರವನ್ನು ಹಿಂದಕ್ಕೆ ತಿರುಗಿಸದೆ, ಸ್ನ್ಯಾಪ್‌ಶಾಟಿನಿಂದ ಬೇರೊಂದು ಪೂರ್ಣ ನಕಲು ಯಂತ್ರ ಮಾಡಿ ತೆರೆಯಿರಿ. ಅಂಕಪಟ್ಟಿ ಸಿಗುತ್ತದೆ, ಹತ್ತು ಹೆಸರುಗಳೊಂದಿಗೆ. ಹನ್ನೊಂದು, ಹನ್ನೆರಡನೆಯ ಹೆಸರು ಎಲ್ಲಿ ಹೋದವು ಎಂದು ವಿದ್ಯಾರ್ಥಿಗಳನ್ನು ಕೇಳಿ. ಕೊನೆಗೆ ಯಂತ್ರಗಳನ್ನು ನಿಲ್ಲಿಸಿ ಮೊದಲ ಯಂತ್ರದ ಮೂಲ ಡಿಸ್ಕ್ ಕಡತದ ಹೆಸರನ್ನು ಬದಲಿಸಿ. ವ್ಯತ್ಯಾಸ ಕಡತ ಹಾಗೆಯೇ ಇದ್ದರೂ ಮೊದಲ ಯಂತ್ರ ಏಳುವುದಿಲ್ಲ. ನಕಲು ಯಂತ್ರ ಏಳುತ್ತದೆ. ಕೊಂಬೆಗೂ ಕಸಿಗೂ ಇರುವ ಅಂತರ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಶಾಲೆಯ ದಾಖಲೆಗಳಿಗೆ ಪಾಲಿಸಬೇಕಾದ ನಿಯಮ ಸರಳ. ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಜಾಲಕ್ಕೆ ಜೋಡಿಸದೆ ಇರಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತವನ್ನಾದರೂ ಮರಳಿ ತೆರೆದು ನೋಡಿ. ಗಿಟ್‌ಲ್ಯಾಬಿನಲ್ಲಿ ಬ್ಯಾಕಪ್ ವ್ಯವಸ್ಥೆಗಳಿಗೆ ಕೊರತೆಯಿರಲಿಲ್ಲ. ಅವುಗಳಿಂದ ದತ್ತಾಂಶ ಮರಳಿ ಬರುತ್ತದೆಯೇ ಎಂದು ಮೊದಲೇ ತೆರೆದು ನೋಡಿದವರಿರಲಿಲ್ಲ.